ಈಟಿಬಂದೂಕಿನ ಕೇಸು

ಚಿಂಚೋಳಿ ಕೋರ್ಟಿನ ಎದುರಿಗಿದ್ದ ತಮ್ಮ ಕಚೇರಿಯಲ್ಲಿ ವಕೀಲೆ ತಾಜುನ್ನಿಸಾ ಎಂಥೆಂಥ ಕಕ್ಷಿದಾರರನ್ನೋ ಕಂಡಿದ್ದರು. ಆದರೆ ಶಹಾಬಾದಿನ ಕಲ್ಲುಗಣಿ ಮಾಲೀಕ ಸುರೇಶಕುಮಾರನಷ್ಟು ಹಗುರ ಮನುಷ್ಯನನ್ನು ಕಂಡ ನೆನಪಿರಲಿಲ್ಲ. ದುಬೈಯಿಂದ ತಂದ ಮೀನು ಹೊಡೆಯುವ ಈಟಿಬಂದೂಕನ್ನು ಅಭಯಾರಣ್ಯದೊಳಗಿನ ಕೆರೆಗೆ ಒಯ್ದು, ಅರಣ್ಯ ಇಲಾಖೆಯವರ ಕೈಗೆ ಸಿಕ್ಕಿಬಿದ್ದಿದ್ದ. ಕೇಸಾದದ್ದಕ್ಕಿಂತ ಬಂದೂಕು ಜಪ್ತಿಯಾದದ್ದೇ ಅವನಿಗೆ ದೊಡ್ಡ ಸಂಕಟ.

ಮೊಬೈಲಿನಲ್ಲಿ ಫೋಟೊ ತೋರಿಸಿದ. ಮೈಗಂಟಿದ ಕಪ್ಪು ರಬ್ಬರಿನ ಉಡುಪು, ಕೈಯಲ್ಲಿ ಮೊಳದುದ್ದದ ಮೀನು. ಆ ಮೀನು ದಂಡೆಯ ಬಳಿ ತನ್ನ ಮರಿಗಳ ಹಿಂಡನ್ನು ಕಾಯುತ್ತಿತ್ತಂತೆ. ಹತ್ತಿರ ಹೋದರೂ ಓಡಲಿಲ್ಲವಂತೆ. ಇದನ್ನು ಪರಾಕ್ರಮವೆಂಬಂತೆ ಹೇಳಿದ. ಓಡದೆ ನಿಂತದ್ದನ್ನು ಕೊಲ್ಲಲು ಇಷ್ಟೊಂದು ವೇಷ ಬೇಕಾಯಿತೇ ಎಂದುಕೊಂಡ ತಾಜುನ್ನಿಸಾ, ಫೋನನ್ನು ಬೆರಳ ತುದಿಯಿಂದ ಅವನತ್ತ ಸರಿಸಿದರು.

ಬಂದೂಕು ಮನೆಯಲ್ಲಿಟ್ಟುಕೊಳ್ಳುವುದು ತಪ್ಪಲ್ಲ ಎಂದು ಅವನು ಮತ್ತೆ ಮತ್ತೆ ವಾದಿಸಿದ.

"ಮನ್ಯಾಗ ಇಟ್ಟಿದ್ದಕ್ಕ ಯಾರೂ ಹಿಡದಿಲ್ಲ. ಪರವಾನಗಿ ಇಲ್ದ ಅಭಯಾರಣ್ಯದಾಗ ಆಯುಧ ಒಯ್ದಿದ್ದಕ್ಕ ಹಿಡದಾರ," ಎಂದರು ತಾಜುನ್ನಿಸಾ. "ಮೀನ ಸಿಗ್ಲಿ ಬಿಡ್ಲಿ, ಕೇಸಿಗೆ ಅಷ್ಟೇ ಸಾಕು."

ಆಗ ಸುರೇಶಕುಮಾರ ದನಿ ತಗ್ಗಿಸಿದ. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಡ್ರೈವರ್ ನಾಮದೇವನೇ ಬಂದೂಕು ಒಯ್ದನೆಂದು ಬರೆಸಿಬಿಡಬೇಕಂತೆ. "ಅಂವ ಒಪ್ಪ್ಯಾನ್ರೀ ಮೇಡಂ. ಅಂವಂದೇನು ಹೋಗೋದದ?"

ತಾಜುನ್ನಿಸಾರಿಗೆ ಹೇಸಿಗೆಯಾಯಿತು. ನಾಮದೇವನನ್ನು ಒಳಗೆ ಕರೆದರು. ಆಡಕಿ ಊರಿನವನು, ಮಾಲೀಕನ ಎದುರು ಕುಳಿತು ಅಭ್ಯಾಸವಿಲ್ಲ. ಬಂದೂಕು ನಿನ್ನದೇನಪ್ಪಾ ಎಂದರೆ ಹೌದೆಂದು ತಲೆಯಾಡಿಸಿದ. ಈಟಿಯನ್ನು ಅದಕ್ಕೆ ಹೇಗೆ ಹಾಕುತ್ತಾರೆಂದು ಕೇಳಿದರೆ ಮಾಲೀಕನ ಮುಖ ನೋಡಿದ.

"ನೋಡಪ್ಪಾ, ನಂದು ಅಂದಿ ಅಂದ್ರ ಜೈಲು ಆಗೋದು ನಿನಗ, ಇವ್ರಿಗಲ್ಲ. ಇವ್ರು ಇದನ್ನ ಹೇಳ್ಯಾರೇನು?"

ಹೇಳಿರಲಿಲ್ಲ. ದಂಡ ಕಟ್ಟಿದರೆ ಮುಗಿಯಿತು ಎಂದಷ್ಟೇ ಮಾಲೀಕ ಹೇಳಿದ್ದ. ನಾಮದೇವ ಜೇಬಿನಿಂದ ಕಾರಿನ ಕೀಲಿ ತೆಗೆದು ಮೇಜಿನ ಮೇಲಿಟ್ಟು, ಬಸ್ ನಿಲ್ದಾಣದ ಕಡೆ ನಡೆದುಬಿಟ್ಟ.

ಸುರೇಶಕುಮಾರ ಬಾಗಿಲನ್ನೇ ನೋಡುತ್ತ, ಈಗ ಶಹಾಬಾದಿನತನಕ ಗಾಡಿ ಓಡಿಸುವವರು ಯಾರು ಎಂದು ಗೊಣಗಿದ. ತಾಜುನ್ನಿಸಾ ಅವನ ಕಾಗದಗಳನ್ನು ಅವನಿಗೇ ಕೊಟ್ಟು, ಬೇರೆ ವಕೀಲರನ್ನು ನೋಡಿಕೊಳ್ಳಲು ಹೇಳಿದರು.

ಬಂದೂಕು ಯಾರದೆಂದು ನಾಮದೇವ ಅರಣ್ಯದವರಿಗೆ ಇದ್ದದ್ದನ್ನು ಇದ್ದಂತೆಯೇ ಹೇಳಿದ. ಕೇಸು ಇನ್ನೂ ನಡೆದಿದೆ, ಬಂದೂಕು ವಾಪಸು ಬಂದಿಲ್ಲ. ಕೋರ್ಟಿನ ಪಡಸಾಲೆಯಲ್ಲಿ ಎದುರಾದಾಗಲೆಲ್ಲ ಸುರೇಶಕುಮಾರ ಹಲ್ಲು ಕಿರಿದು ಕೈಮುಗಿಯುತ್ತಾನೆ. ತಾಜುನ್ನಿಸಾ ಅವನ ಹಿಂದೆ ನಿಂತವರನ್ನು ಮಾತಾಡಿಸುತ್ತಾರೆ.