ಕೆಳಕ್ಕೆ ಒತ್ತಿದ ಕಾಲು

ನನ್ನ ತಮ್ಮ ಟೈಲ್ಸ್ ಹಾಕುವವನು. ಅವನು ಹಾಕಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತದೆ. ಅಂಥವನಿಗೆ ಸೊಂಟ ಹಿಡಿದುಕೊಂಡು ನೆಲ ಮುಟ್ಟುವುದೇ ಕಷ್ಟವಾಯಿತು. ಮೇಸ್ತ್ರಿ ಒಳ್ಳೆಯವನೇ. "ತಿಂಗಳ ಕೊನೇಲೂ ಬಗ್ಗೋಕಾಗ್ದಿದ್ರೆ ಗೋಡೌನಲ್ಲಿ ಕುರ್ಚಿ ಹಾಕ್ಕೊಡ್ತೀನಿ, ಬಂದುಹೋಗೋ ಲೋಡ್ ಲೆಕ್ಕ ನೋಡ್ಕೊಂಡಿರು" ಅಂದ. ಆ ಮಾತು ಕೇಳಿ ತಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ತೊಡೆಯ ಹಿಂದಿನ ಸ್ನಾಯು ಬಿಗಿದರೆ ಸೊಂಟಕ್ಕೂ ತೊಂದರೆ ಎಂದು ಯಾರೋ ಇವನ ಕಿವಿಗೆ ಹಾಕಿದರು. ಈ ಮಹಾನುಭಾವ ಮಾಡಿದ್ದೇನು? ಮೆಟ್ಟಿಲ ಅಂಚಿನಲ್ಲಿ ನಿಂತು, ಟೈಲ್ಸ್ ತುಂಬಿದ ಪೆಟ್ಟಿಗೆ ಹಿಡಿದು, ಸ್ನಾಯು ಎಳೆಯಲೆಂದು ಅದರ ಭಾರಕ್ಕೆ ಸೊಂಟದಿಂದ ಕೆಳಕ್ಕೆ ಬಗ್ಗಿ ಜೋತುಬಿದ್ದ. ಇಂಥ ಬುದ್ಧಿ ಟೈಲ್ಸ್‌ನವರಿಗೆ ಬಿಟ್ಟು ಇನ್ಯಾರಿಗೂ ಹೊಳೆಯುವುದಿಲ್ಲ. ಗಾಯದ ಮೇಲೆ ಬರೆ ಎಳೆದಂತಾಯಿತು. ನನ್ನ ಹೊಲಿಗೆ ಅಂಗಡಿ ಮುಚ್ಚಿ, ದಾರಿಯುದ್ದಕ್ಕೂ ಬೈಯುತ್ತಾ ಅವನನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋದೆ.

ಫಿಸಿಯೋ ಮೇಡಂ ಗುಬ್ಬಿಯಷ್ಟಿದ್ದರು. "ಇವ್ರು ನನ್ ಕಾಲು ಎತ್ತುತ್ತಾರಾ ಅಕ್ಕಾ?" ಎಂದು ತಮ್ಮ ಪಿಸುಗುಟ್ಟಿದ. ಅವನನ್ನು ಅಂಗಾತ ಮಲಗಿಸಿ, ಮಂಡಿ ಮಡಿಸದೆ ಒಂದು ಕಾಲನ್ನು ಮೇಲೆತ್ತಿದರು. ಅರ್ಧ ದಾರಿಗೇ ಕಾಲು ನಿಂತಿತು. ಮೇಡಂ ಅವನ ಹಿಮ್ಮಡಿಯನ್ನು ಭುಜಕ್ಕೆ ಆನಿಸಿಕೊಂಡರು. ತಮ್ಮ ಹಲ್ಲು ಕಚ್ಚಿ ಮಂಚದ ಅಂಚು ಹಿಡಿದುಕೊಂಡ.

"ಈಗ ಹಿಮ್ಮಡಿಯಿಂದ ನನ್ ಭುಜಾನ ಮೆಲ್ಲಗೆ ಕೆಳಕ್ಕೆ ಒತ್ತಿ."

"ಮೇಲೆ ಹೋಗ್ಬೇಕಾದ ಕಾಲನ್ನ ಕೆಳಕ್ಕೆ ಒತ್ತೋದಾ?" ನಾನು ಸುಮ್ಮನಿರಲಿಲ್ಲ.

"ಆ ಸ್ನಾಯು ಹೆದ್ರಿಕೊಂಡು ಬಿಗಿ ಹಿಡ್ದಿದೆ ಅಕ್ಕಾ. ಎಳೆದ್ರೆ ಇನ್ನೂ ಹಿಡ್ಕೊಳ್ಳುತ್ತೆ. ಸ್ವಲ್ಪ ಕೆಲ್ಸ ಕೊಟ್ಟು ಆಮೇಲೆ ಬಿಡ್ಸಿದ್ರೆ, ತಾನೇ ಬಿಡುತ್ತೆ."

ತಮ್ಮ ಒತ್ತಿದ. "ಸಾಕು. ಉಸಿರು ಬಿಟ್ಟು ಸಡಿಲ ಬಿಡಿ." ಕಾಲು ಮೇಲಕ್ಕೆ ಹೋಯಿತು. ಯಾರೂ ಎಳೆಯಲಿಲ್ಲ, ಆದರೂ ಹೋಯಿತು! ನಾನು ಮೂಗಿನ ಮೇಲೆ ಬೆರಳಿಟ್ಟುಕೊಂಡೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅನ್ನುವುದು ಸುಳ್ಳಲ್ಲ.

ಮನೆಯಲ್ಲಿ ದಿನಾ ಮಾಡಿಸುವುದನ್ನು ನನಗೇ ಕಲಿಸಿಕೊಟ್ಟರು. ಬೆಳಿಗ್ಗೆ ನಾನು ಚಾಪೆಯ ಮೇಲೆ ಮಂಡಿಯೂರಿ ಕೂತರೆ, ಅವನ ಹಿಮ್ಮಡಿ ನನ್ನ ಭುಜದ ಮೇಲೆ. ಮೊದಲು ಕಲ್ಲಿನಂತೆ ಒತ್ತುತ್ತದೆ. ಆಮೇಲೆ ಅವನು ಉಸಿರು ಬಿಡುತ್ತಾನೆ, ಆ ಗಟ್ಟಿತನ ಅವನ ತೊಡೆ ಹಿಡಿದ ನನ್ನ ಕೈಯೊಳಗೇ ಕರಗಿಹೋಗುತ್ತದೆ. ಎಷ್ಟು ಸಲ ಕಂಡರೂ ನನಗೆ ಮೈ ಜುಮ್ಮೆನ್ನುತ್ತದೆ. ನಾನು ಎತ್ತಿ ಆಡಿಸಿದ ತಮ್ಮನ ಮೈಯೊಳಗೆ, ನಾನು ಕಾಣದ ಇಷ್ಟು ದೊಡ್ಡ ಭಯ ಕೂತಿತ್ತೇ? ಅದು ಇಷ್ಟು ಸಾಧುವಾಗಿ ಎದ್ದು ಹೋಗುತ್ತದೆಯೇ?

ತಿಂಗಳ ಕೊನೆಗೆ ಹೊಸ ಕಟ್ಟಡದಲ್ಲಿ ಮೇಸ್ತ್ರಿ ಕಾಯುತ್ತಿದ್ದ. ನಾನೂ ಹೋಗಿ ಬಾಗಿಲಲ್ಲಿ ನಿಂತೆ. ತಮ್ಮ ಬೆನ್ನು ನೇರವಾಗಿಟ್ಟು, ಸೊಂಟದ ಕೀಲಿನಲ್ಲಿ ಬಾಗಿ, ಮೆಲ್ಲಗೆ ಮಂಡಿಯೂರಿದ. ಗಾರೆ ಹರಡಿ ಟೈಲ್ ಕೂರಿಸಿ, ರಬ್ಬರ್ ಸುತ್ತಿಗೆಯಿಂದ ತಟ್ಟಿದ. ಮೇಸ್ತ್ರಿ ಟೈಲ್ ನೋಡಲಿಲ್ಲ, ತಮ್ಮನ ಮುಖ ನೋಡುತ್ತಿದ್ದ. ಎಬ್ಬಿಸಲು ಕೈ ಚಾಚಿದ.

"ಬೇಡಣ್ಣ" ಅಂದ ತಮ್ಮ, ತಾನೇ ಎದ್ದು ನಿಂತ.

ಮೇಸ್ತ್ರಿ ಚಾಚಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಸರಿ ಹಾಗಾದ್ರೆ, ಈ ರೂಮು ಪೂರ್ತಿ ನಿಂದೇ."

ನನಗೆ ಕಣ್ಣು ತುಂಬಿ ಬಂತು. ತಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆಗಲೇ ಮುಂದಿನ ಟೈಲಿಗೆ ಬಾಗಿದ್ದ.