ಗೋಡೆಯ ಮೇಲೆ ಏಳೂ ಕಾಲು

ತುಮಕೂರಂಚಿನ ಮರಳೂರಿನ ಆ ಅಡ್ಡರಸ್ತೆಯಲ್ಲಿ ತಿಂಗಳಿಂದ ಕಳ್ಳರ ಭಯ. ಕಾಂಪೌಂಡ್ ಗೋಡೆಗಳ ಮೇಲೆ ಯಾರೋ ಕಪ್ಪು ಸ್ಪ್ರೇ ಪೇಂಟಿನಲ್ಲಿ ಗಂಟೆ ಬರೆದು ಹೋಗುತ್ತಿದ್ದರು. ಯಾವ ಮನೆಗೆ ಎಷ್ಟು ಹೊತ್ತಿಗೆ ನುಗ್ಗಬೇಕೆಂದು ಕಳ್ಳರು ಮಾಡಿಕೊಂಡ ಗುರುತು ಅದು ಎಂದು ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ ಮೇಲೆ, ಸಂಜೆಯಾದರೆ ಗೇಟಿಗೆ ಎರಡೆರಡು ಬೀಗ ಬೀಳತೊಡಗಿದವು.

ಭಾನುವಾರ ಬೆಳಿಗ್ಗೆ ಶಿವರಾಮಯ್ಯನವರ ಜಗಲಿಯಲ್ಲಿ ಬೀದಿಯವರೆಲ್ಲ ಸೇರಿದರು. ನಾಗಭೂಷಣ್ ಎಲ್ಲರ ಹಿಂದೆ, ಚಪ್ಪಲಿಗಳ ಪಕ್ಕ ಕೂತ. ಗುಬ್ಬಿ, ತುಮಕೂರು, ಕುಣಿಗಲ್ ನಡುವೆ ಓಡಾಡುವ ಖಾಸಗಿ ಬಸ್ಸಿನ ಕಂಡಕ್ಟರ್ ಅವನು; ಅವತ್ತು ರಜೆ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ಅವನು, ಹತ್ತನೇ ಕ್ಲಾಸಿನ ಮಗಳು ಮಾನಸಾ, ಅಷ್ಟೆ. ಬೀದಿಯವರಿಗೆ ಅವನ ಮುಖಕ್ಕಿಂತ ಹೆಗಲ ಚೀಲದ ಪರಿಚಯವೇ ಹೆಚ್ಚು.

ಎದುರುಮನೆಯ ಬೀರಯ್ಯ ಪೊಲೀಸರಿಗೆ ಕೊಡುವ ಅರ್ಜಿ ಓದಿದರು. “ಈ ವಾರದವು: ಸೋಮವಾರ, ನಮ್ಮ ಗೋಡೆ, ಏಳೂ ಕಾಲು. ಬುಧವಾರ, ಕದರಯ್ಯನ ಗೋಡೆ, ಆರೂ ಮುಕ್ಕಾಲು. ಶುಕ್ರವಾರ, ಟೈಲರ್ ಮನೆ, ಏಳೂವರೆ.”

“ನಮ್ಮನೇಲಿ ಏನೈತೆ ಅಂತ ಕಳ್ಳ ಟೈಮ್ ಹಾಕ್ಕಂಡು ಬರ್ತಾನಪ್ಪ?” ಅಂದ ಕದರಯ್ಯ. “ಟಿವಿನೂ ಕೆಟ್ಟೋಗದೆ.”

ಒಂದಿಬ್ಬರು ನಕ್ಕರು. ನಾಗಭೂಷಣ್ ನಗಲಿಲ್ಲ. ಸೋಮವಾರ ಅವನು ಹೊಸ್ತಿಲು ದಾಟುವಾಗ ಮಗಳು ಕೇಳಿದ್ದಳು, “ಎಷ್ಟೊತ್ತಿಗೆ ಬರ್ತೀಯಪ್ಪ?” “ಏಳೂ ಕಾಲಿಗೆಲ್ಲ ಬಂದ್ಬಿಡ್ತೀನಿ ಕಣೇ” ಎಂದಿದ್ದ. ಬುಧವಾರ ಆರೂ ಮುಕ್ಕಾಲು ಎಂದಿದ್ದ, ಶುಕ್ರವಾರ ಏಳೂವರೆ. ಮನೆ ಸೇರಿದ್ದು ಮಾತ್ರ ಮೂರು ದಿನವೂ ಒಂಬತ್ತಕ್ಕೆ. ಸ್ಕೂಟರಿನ ತುಕ್ಕಿಗೆ ಹೊಡೆಯಲು ತಂದಿಟ್ಟಿದ್ದ ಕಪ್ಪು ಸ್ಪ್ರೇ ಡಬ್ಬಿ ಮೊನ್ನೆ ಎತ್ತಿದಾಗ ಹಗುರವಾಗಿತ್ತು. ಯಾಕೆಂದು ಕೇಳುವಷ್ಟು ಹೊತ್ತು ಅವನು ಮನೆಯಲ್ಲಿ ನಿಂತಿರಲಿಲ್ಲ.

ಅರ್ಜಿಯೂ ಪೆನ್ನೂ ಕೈಯಿಂದ ಕೈಗೆ ದಾಟಿ ಅವನ ಬಳಿ ಬಂದವು. ತಾನೂ ಸಹಿ ಗೀಚಿಬಿಟ್ಟರೆ ಇವತ್ತಿಗೆ ಯಾರಿಗೂ ಗೊತ್ತಾಗದು. ನಾಳೆ ಮಗಳು ಸಿಕ್ಕಿಬಿದ್ದರೆ, ಅವಳ ಮೇಲಿನ ದೂರಿನಲ್ಲಿ ಅವಳಪ್ಪನ ಸಹಿಯೂ ಇರುತ್ತದೆ.

“ಇದು ಕಳ್ರ ಕೆಲ್ಸ ಅಲ್ಲ” ಎಂದ. “ನಮ್ ಮಾನಸಾದು. ನಾನು ಬರ್ತೀನಿ ಅಂತ ಅವಳಿಗೆ ಹೇಳಿದ್ದ ಟೈಮು ಅವು.”

ಶಿವರಾಮಯ್ಯ ಅವನ ಕೈಯಿಂದ ಅರ್ಜಿ ತೆಗೆದುಕೊಂಡು, ಮಡಚಿ ಜೇಬಿಗಿಟ್ಟರು. “ಗೋಡೆ ಬಳ್ದುಕೊಡು ಹೋಗಪ್ಪ. ಮಗೀಗೆ ಹೊಡೀಬ್ಯಾಡ.”

ಮಧ್ಯಾಹ್ನ ಅಪ್ಪ ಮಗಳು ಸುಣ್ಣದ ಬಕೆಟ್, ಬ್ರಷ್ ಹಿಡಿದು ಹೊರಟರು. ಕಪ್ಪು ಒಂದು ಸಲಕ್ಕೆ ಮುಚ್ಚುತ್ತಿರಲಿಲ್ಲ. ಬಳಿದಲ್ಲೇ ಮತ್ತೆ ಬಳಿಯಬೇಕು. ಮೂರನೇ ಗೋಡೆಗೆ ಬಂದಾಗ ಅವನು ಕೇಳಿದ.

“ಯಾಕೆ ಹಿಂಗ್ಮಾಡ್ದೆ?”

“ನೀನು ಹೇಳಿದ ಟೈಮಿಗೆ ಬೀದಿ ಮೂಲೆ ತನಕ ಬಂದು ನಿಂತ್ಕೋತಿದ್ದೆ. ನೀನು ಬರ್ತಿರಲಿಲ್ಲ.” ಅವಳು ಬ್ರಷ್ಷನ್ನು ಬಕೆಟ್ಟಿಗೆ ಅದ್ದಿದಳು. “ನೀನು ಬರೋ ದಾರೀಲೇ ಬರೆದಿದ್ದೆ. ದಿನಾ ಇದರ ಮುಂದೇನೇ ಬಂದೆ. ನೋಡ್ಲೇ ಇಲ್ಲ.”

ಅವನು ಬಕೆಟ್ ಎತ್ತಿಕೊಂಡು ಮುಂದಿನ ಗೋಡೆಗೆ ನಡೆದ.

ಸೋಮವಾರ ಬೆಳಿಗ್ಗೆ ಅವಳು ಏನೂ ಕೇಳಲಿಲ್ಲ. ಅವನೇ ಹೇಳಿದ. “ಇವತ್ತು ಒಂಬತ್ತಾಗುತ್ತೆ ಕಣೇ. ಗುರುವಾರ ಒಂದಿನ ಕೊನೇ ಟ್ರಿಪ್ ಬೇರೆಯವರಿಗೆ ಕೊಡಿ ಅಂತ ಓನರ್‌ನ ಕೇಳ್ತೀನಿ. ಒಪ್ಪಿದ್ರೆ ಆರಕ್ಕೆ ಬರ್ತೀನಿ. ಒಪ್ಪದಿದ್ರೆ ಫೋನ್ ಮಾಡ್ತೀನಿ.”

“ಹೂಂ. ಹಂಗಾದ್ರೆ ಇವತ್ತು ಉಂಡ್ಬಿಡ್ತೀನಿ. ನಿಂಗೆ ಮುಚ್ಚಿಟ್ಟಿರ್ತೀನಿ.”

ಸಂಜೆ ಏಳೂ ಕಾಲಿಗೆ ಬಸ್ಸು ಕುಣಿಗಲ್ ಸ್ಟ್ಯಾಂಡಿನಲ್ಲಿತ್ತು. ದಿನಾ ಈ ಹೊತ್ತಿಗೆ ವಾಚು ನೋಡಿ, ಕಾಯುತ್ತಿರುತ್ತಾಳೆ ಎಂದುಕೊಳ್ಳುತ್ತಿದ್ದ. ಇವತ್ತು ಅವಳು ಉಂಡಿರುತ್ತಾಳೆ. ಆ ಮೂಲೆಯಲ್ಲಿ ಈಗ ಯಾರೂ ಇಲ್ಲ. ಅದೇ ಸರಿ ಎಂದುಕೊಂಡ. ಆದರೂ ಇನ್ನೊಮ್ಮೆ ವಾಚು ನೋಡಿಕೊಂಡ.

ಆಮೇಲೆ ಬಾಗಿಲಿನ ಕಂಬಿ ಹಿಡಿದು, “ತುಮ್ಕೂರ್, ತುಮ್ಕೂರ್” ಎಂದು ಕೂಗಿದ. ಹತ್ತುವವರು ಹೆಚ್ಚಿರಲಿಲ್ಲ.