ಅರ್ಧ ಸೊನ್ನೆ

೧೯೯೨ರಲ್ಲಿ ನಾನು ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಕೆಜಿಎಫ್‌ನ ಒಂದು ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದೆ. ಕಾರ್ಮಿಕರನ್ನು ಎದೆ ತಪಾಸಣೆಗೆ ಕರೆಯುವ ಕಾಗದಗಳನ್ನು ಮುದ್ರಿಸಲು ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಮ್ ಬರೆದಿದ್ದೆ. ಒಂದು ಸಲಕ್ಕೆ ನಾಲ್ಕು ಹೆಸರು ಕಳಿಸಿ, ಪಟ್ಟಿ ಮುಗಿಯಿತು ಎನ್ನಲು ಕೊನೆಯಲ್ಲಿ ನಲ್ ಪಾಯಿಂಟರ್ ಇಡುತ್ತಿದ್ದೆ. ಮೆಮೊರಿಯ ಯಾವ ಜಾಗವನ್ನೂ ತೋರಿಸದ ವಿಳಾಸ ಅದು.

ಅದೇ ನಲ್ ಅನ್ನು ಅಂಕಿಗಳ ಜಾಗದಲ್ಲೂ ಬಳಸಿದ್ದರಿಂದ, ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಪರದೆ ತುಂಬ ಎಚ್ಚರಿಕೆ ಕೊಡುತ್ತಿತ್ತು. ಒಂದೊಂದಾಗಿ ತಿದ್ದಲು ಬೇಸರವಾಗಿ, ನಲ್ ಎಂದರೆ ಬರೀ ಸೊನ್ನೆ ಎಂದು ನಾನೇ ಒಂದು ಸಾಲು ಸೇರಿಸಿದೆ. ಕಂಪೈಲರ್ ಸುಮ್ಮನಾಯಿತು. ಮುಂದೆ ಪ್ರೋಗ್ರಾಮ್ ದೊಡ್ಡದಾದಾಗ ಮೆಮೊರಿ ವಿಳಾಸಗಳನ್ನು ಎರಡು ಬೈಟಿನಿಂದ ನಾಲ್ಕಕ್ಕೆ ಏರಿಸಿದೆವು. ನನ್ನ ಸೊನ್ನೆ ಎರಡೇ ಬೈಟಿನದಾಗಿ ಉಳಿಯಿತು. ಕಂಪೈಲರ್ ಆಗಲೂ ಏನೂ ಅನ್ನಲಿಲ್ಲ.

ಒಂದು ಸೋಮವಾರ ಬೇತಮಂಗಲದಿಂದ ಮುನಿಶಾಮಮ್ಮ ಎಂಬಾಕೆ ಕಾಗದ ಹಿಡಿದು ನಮ್ಮ ಕಚೇರಿಗೆ ಬಂದರು.

"ಸೋಮಿ, ನಮ್ಮೆಜಮಾನ್ರು ಓಗಿ ಎಂಟು ತಿಂಗ್ಳಾಯ್ತು. ಕಾರ್ಕಾನೆಯೋರು ನೀವೇ ಬಂದು ಊವಿನಾರ ಆಕಿದ್ರಲ್ಲ? ಈಗ ಎದೆ ಪೋಟೋ ತೆಗೀಬೇಕು ಬನ್ನಿ ಅಂತ ಬರ್ದೌರೆ."

ನಮ್ಮ ಅಧಿಕಾರಿ ಜಯರಾಮಪ್ಪನವರು ಹೆಸರುಗಳನ್ನು ಟೈಪ್ ಮಾಡುವ ಕಾಂತಮ್ಮನವರತ್ತ ತಿರುಗಿದರು.

"ಸತ್ತೋರ ಹೆಸರು ತೆಗೀರಿ ಅಂತ ಎಷ್ಟು ಸಲ ಹೇಳೋದಮ್ಮಾ?"

"ತೆಗೆದಿದ್ದೆ ಸಾರ್. ಅವತ್ತೇ ತೆಗೆದಿದ್ದೆ."

ಯಾರೂ ನಂಬಲಿಲ್ಲ. ಅವರಿಗೆ ಮೆಮೊ ಬಂತು. ಅವರು ಸಹಿ ಹಾಕುವಾಗ ನಾನು ಎದುರಿಗೇ ಇದ್ದೆ.

ಮಧ್ಯಾಹ್ನ ಪ್ರೋಗ್ರಾಮನ್ನು ಹೆಜ್ಜೆಹೆಜ್ಜೆಯಾಗಿ ಓಡಿಸಿ ನೋಡಿದೆ. ನಾಲ್ಕು ಬೈಟು ಬೇಕಾದ ಕಡೆ ಎರಡೇ ಬೈಟಿನ ಅರ್ಧ ಸೊನ್ನೆ ಸಿಕ್ಕಿ, ಅದು ಪಟ್ಟಿಯ ಕೊನೆಯಲ್ಲಿ ನಿಲ್ಲದೆ ಮುಂದಕ್ಕೆ ಓದಿ, ಅಳಿಸಿದ್ದರೂ ಮೆಮೊರಿಯಲ್ಲಿ ಉಳಿದಿದ್ದ ಮುನಿಶಾಮಮ್ಮನವರ ಗಂಡ ಆಂಜನಪ್ಪನವರ ಹೆಸರನ್ನು ಎತ್ತಿಕೊಂಡಿತ್ತು. ನನ್ನ ಸಾಲನ್ನು ಅಳಿಸಿದೆ. ಎಚ್ಚರಿಕೆಗಳು ಮತ್ತೆ ಪರದೆ ತುಂಬಿದವು, ಎಲ್ಲವನ್ನೂ ತಿದ್ದಿದೆ. ಆದರೆ ಬಾಯಿ ಮಾತ್ರ ಬಿಡಲಿಲ್ಲ. ಗುರುವಾರದವರೆಗೆ ಕಾಂತಮ್ಮನವರು ಎಂದಿನಂತೆ ತಮ್ಮ ಡಬ್ಬಿಯ ಪಲ್ಯವನ್ನು ನನಗೂ ಬಡಿಸಿದರು, ನಾನು ತಲೆ ತಗ್ಗಿಸಿ ತಿಂದೆ.

ಶುಕ್ರವಾರ ಬೆಳಿಗ್ಗೆ ತಡೆಯಲಾಗದೆ ಜಯರಾಮಪ್ಪನವರ ಮುಂದೆ ಎಲ್ಲ ಹೇಳಿಬಿಟ್ಟೆ. ಮೆಮೊ ವಾಪಸ್ಸಾಯಿತು. ನನಗೆ ಬೈಗುಳ ಬಿತ್ತು.

"ತಪ್ಪು ನಂದು ಅಕ್ಕಾ," ಎಂದೆ ಕಾಂತಮ್ಮನವರಿಗೆ.

"ತಪ್ಪು ಯಾರಿಂದಾದ್ರೂ ಆಗತ್ತೆ ಗೋಪಾಲ್. ಸೋಮವಾರವೇ ಗೊತ್ತಾಗಿತ್ತಾ?"

ಹೌದೆಂದು ತಲೆಯಾಡಿಸಿದೆ. ಅವರು ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋದರು.

ಭಾನುವಾರ ಬೇತಮಂಗಲದ ಬಸ್ಸು ಹತ್ತಿದೆ. ಮುನಿಶಾಮಮ್ಮನವರಿಗೆ ಬೈಟಿನ ಮಾತೆಲ್ಲ ಏನು ಹೇಳಲಿ? "ಆ ಕಾಗದ ನನ್ನ ಕೈತಪ್ಪಿನಿಂದ ಬಂದಿದ್ದಮ್ಮ, ಕ್ಷಮಿಸಿ," ಎಂದಷ್ಟೇ ಹೇಳಿದೆ.

"ಅಂಗಾ?" ಎಂದರು. "ಎಸ್ರು ನೋಡಿ ಒಂದ್ ಗಳಿಗೆ ಅವ್ರಿನ್ನೂ ಕೆಲ್ಸುಕ್ಕೆ ಓಗ್ತೌರೇನೋ ಅನ್ನಿಸ್ಬುಡ್ತು ಕಣಪ್ಪ."